ಹಳೇ ಫರ್ನಿಚರ್, ಹೊಸ ಬಾಡಿಗೆ ಮನೆ: ಹದಿನಾರು ಸಾವಿರದ ಲೆಕ್ಕ

ಹಾಸ್ಟೆಲ್ ಬಿಟ್ಟು ಬಾಡಿಗೆ ಮನೆಗೆ ಹೋಗೋರಿಗೆ ಮೊದಲ ದಿನವೇ ಒಂದು ವಿಷಯ ಗೊತ್ತಾಗುತ್ತೆ. ಹಾಸ್ಟೆಲ್‌ನಲ್ಲಿ ಬೈಕೊಂಡು ಬಳಸ್ತಿದ್ದ ಆ ಕಿರ್ ಕಿರ್ ಅನ್ನೋ ಮಂಚಕ್ಕೂ ಒಂದು ಬೆಲೆ ಇದೆ! ಬೆಂಗಳೂರಲ್ಲಿ ಅಡ್ವಾನ್ಸ್ ಕೊಟ್ಟು ಕೀ ಇಸ್ಕೊಂಡ ಮೇಲೆ ಸಿಗೋದು ನಾಲ್ಕು ಗೋಡೆ, ಫ್ಯಾನ್, ಟ್ಯೂಬ್‌ಲೈಟ್ ಅಷ್ಟೇ. ಮಲಗೋಕೆ ಮಂಚ, ಓದೋಕೆ ಮೇಜು, ಬಟ್ಟೆಗೆ ಬೀರು ಎಲ್ಲ ನಮ್ಮದೇ ಜವಾಬ್ದಾರಿ.

ನಾವು ನಾಲ್ಕು ಜನ ಈ ವರ್ಷ ಹಾಗೆ ಮನೆ ಮಾಡಿದ್ವಿ. ತಲೆಗೆ 4,000ದಂತೆ ಒಟ್ಟು 16,000 ರೂಪಾಯಿ. ಫೀಸು, ಅಡ್ವಾನ್ಸು ಎರಡೂ ಒಂದೇ ತಿಂಗಳು ಬಂದಿದ್ದರಿಂದ ಮನೆಯವರನ್ನ ಇನ್ನೊಂದು ಸಲ ಕೇಳೋ ಹಾಗಿರಲಿಲ್ಲ. ಹೊಸದು ತಗೊಂಡ್ರೆ ಒಂದು ಬೀರು, ಎರಡು ಮಂಚಕ್ಕೇ ದುಡ್ಡು ಮುಗಿಯುತ್ತಿತ್ತು. ಹಾಗಾಗಿ ಹಾಸಿಗೆ ಬಿಟ್ಟು ಉಳಿದಿದ್ದೆಲ್ಲ ಸೆಕೆಂಡ್ ಹ್ಯಾಂಡ್ ಅಂತ ತೀರ್ಮಾನ ಆಯ್ತು. ಹಳೇ ಫರ್ನಿಚರ್ ಹೇಗೆ ನೋಡಬೇಕು, ಎಲ್ಲಿ ದುಡ್ಡು ಹಾಕಬೇಕು, ಎಲ್ಲಿ ಹಾಕಬಾರದು ಅನ್ನೋದನ್ನ ಈ ಲೇಖನದಲ್ಲಿ ಹೇಳ್ತೀವಿ.

ಹೊಳಪು ನೋಡಬೇಡಿ, ಜಾಯಿಂಟ್ ನೋಡಿ

ಒಂದೇ ಸೂತ್ರ ನೆನಪಿಟ್ಕೊಳ್ಳಿ. ರಿಪೇರಿ ಆಗೋ ವಸ್ತುವನ್ನ ಮಾತ್ರ ಹಳೇದು ತಗೋಬೇಕು. ನೋಡೋಕೆ ಹೊಸದರ ಥರ ಇರೋದು ಮುಖ್ಯ ಅಲ್ಲ. ಇದು ಅರ್ಥ ಆಗಬೇಕಾದ್ರೆ ಒಳಗಿನ ಮೆಟೀರಿಯಲ್ ಏನು ಅಂತ ಗೊತ್ತಿರಬೇಕು.

ಆನ್‌ಲೈನ್‌ನಲ್ಲಿ "ಎರಡೇ ವರ್ಷ ಹಳೇದು, ಹೊಸದರ ಹಾಗಿದೆ" ಅಂತ ಬರೋ ವಾರ್ಡ್‌ರೋಬ್, ಸ್ಟಡಿ ಟೇಬಲ್‌ಗಳಲ್ಲಿ ತುಂಬಾ ಪಾರ್ಟಿಕಲ್ ಬೋರ್ಡ್‌ನವು. ಮರದ ಚೂರುಗಳನ್ನ ಅಂಟಿನ ಜೊತೆ ಸೇರಿಸಿ, ಬಿಸಿ ಮಾಡಿ, ಒತ್ತಿ ಮಾಡಿದ ಹಲಗೆ ಅದು. ಮೇಲೆ ಮರದ ಚಿತ್ರ ಇರೋ ತೆಳು ಪದರ ಅಂಟಿಸಿರ್ತಾರೆ. ಇದಕ್ಕೆ ಎರಡು ಶತ್ರು. ಮೊದಲನೇದು ನೀರು. ನೆಲ ಒರೆಸೋ ನೀರು ಅಡಿಯ ಅಂಚಿಗೆ ಸೇರಿದ್ರೆ ಬೋರ್ಡ್ ಉಬ್ಬುತ್ತೆ, ಉಬ್ಬಿದ್ದು ಮತ್ತೆ ಇಳಿಯಲ್ಲ. ಎರಡನೇದು ಸ್ಕ್ರೂ ಬಿಚ್ಚಿ ಹಾಕೋದು. ಚೂರುಗಳ ಮಧ್ಯೆ ಸ್ಕ್ರೂ ಕೊರೆದ ತೂತು ಪ್ರತಿ ಸಲ ಬಿಚ್ಚಿದಾಗಲೂ ಸ್ವಲ್ಪ ಸಡಿಲ ಆಗುತ್ತೆ. ಎರಡು ಮನೆ ಬದಲಾಯಿಸಿದ ವಾರ್ಡ್‌ರೋಬ್ ಮೂರನೇ ಮನೆಯಲ್ಲಿ ಓಲಾಡೋದು ಅದಕ್ಕೇ.

ಗಟ್ಟಿ ಮರ ಹಾಗಲ್ಲ. ಸ್ಕ್ರೂ ತೂತು ಸಡಿಲ ಆದ್ರೆ ಕಡ್ಡಿಪೆಟ್ಟಿಗೆಯ ಕಡ್ಡಿಗೆ ಫೆವಿಕಾಲ್ ಹಚ್ಚಿ ತೂತಿಗೆ ತುಂಬಿ, ಒಣಗಿದ ಮೇಲೆ ಮತ್ತೆ ಸ್ಕ್ರೂ ಹಾಕಬಹುದು. ಗೀರು ಬಿದ್ರೆ ಉಜ್ಜಬಹುದು. ಕಾಲು ಮುರಿದ್ರೆ ಬಡಗಿ ಹೊಸ ಕಾಲು ಕೂರಿಸ್ತಾರೆ. ತೇಗದಲ್ಲಿ ಇನ್ನೊಂದು ಲಾಭ ಇದೆ. ಅದರ ಚೇಗಿನಲ್ಲಿ ಟೆಕ್ಟೋಕ್ವಿನೋನ್ ಅನ್ನೋ ರಾಸಾಯನಿಕ ಸಹಜವಾಗೇ ಇರುತ್ತೆ, ಗೆದ್ದಲಿಗೆ ಅದು ಆಗಲ್ಲ. ಅಜ್ಜನ ಕಾಲದ ತೇಗದ ಬಾಗಿಲು ಇವತ್ತಿಗೂ ಗಟ್ಟಿಯಾಗಿರೋದಕ್ಕೆ ಅದೂ ಒಂದು ಕಾರಣ.

ಹಾಗಂತ ಪಾರ್ಟಿಕಲ್ ಬೋರ್ಡ್ ಮುಟ್ಟಲೇಬಾರದು ಅಂತಲ್ಲ. ಬಿಚ್ಚದೇ ಹಾಗೇ ಎತ್ತಿಕೊಂಡು ಬರೋಕೆ ಆಗೋ ಚಿಕ್ಕ ವಸ್ತು, ಅಡಿಯ ಅಂಚು ಉಬ್ಬಿಲ್ಲ, ಬೆಲೆ ತೀರಾ ಕಡಿಮೆ ಅಂದ್ರೆ ತಗೋಬಹುದು. ದೊಡ್ಡ ವಾರ್ಡ್‌ರೋಬ್ ಮಾತ್ರ ಬೇಡ. ಅದರ ಬದಲು ಹಳೇ ಸ್ಟೀಲ್ ಬೀರು ತಗೊಳ್ಳಿ. ಗಾಡ್ರೇಜ್ ಕಂಪನಿ ಸ್ಟೀಲ್ ಬೀರು ಮಾಡೋಕೆ ಶುರು ಮಾಡಿದ್ದು 1923ರಲ್ಲಿ. ಯಾವ ಕಂಪನಿಯದ್ದಾದ್ರೂ ಅದನ್ನ "ಗಾಡ್ರೇಜ್ ಬೀರು" ಅನ್ನೋ ಅಭ್ಯಾಸ ನಮ್ಮ ಮನೆಗಳಲ್ಲಿ ಈಗಲೂ ಇದೆ. ಹೊರಗಡೆ ಡೆಂಟ್ ಆಗಿದ್ರೆ ಪರವಾಗಿಲ್ಲ, ಬೆಲೆ ಇಳಿಸೋಕೆ ಅದೇ ನೆಪ. ಆದ್ರೆ ಅಡಿಯಲ್ಲಿ ತುಕ್ಕು ತೂತಾಗಿದೆಯಾ, ಬಾಗಿಲು ನೆಟ್ಟಗೆ ಕೂರುತ್ತಾ, ಬೀಗ ಕೆಲಸ ಮಾಡುತ್ತಾ ಅಂತ ನೋಡ್ಲೇಬೇಕು.

ಅಂಗಡಿಯಲ್ಲಿ ನಿಂತು ಮಾಡೋ ಐದು ಟೆಸ್ಟ್

ಟಾರ್ಚ್ ಮತ್ತು ಟೇಪು ಇದ್ರೆ ಸಾಕು. ಟಾರ್ಚ್ ಹೇಗೂ ಫೋನಲ್ಲೇ ಇದೆ.

1. ಅಲ್ಲಾಡಿಸಿ. ಮೇಜಿನ ಒಂದು ಮೂಲೆ ಹಿಡಿದು ಪಕ್ಕಕ್ಕೆ ತಳ್ಳಿ. ಜಾಯಿಂಟ್ ಸಡಿಲ ಇದ್ರೆ ಆಯತ ಇದ್ದದ್ದು ಓರೆ ಆಗುತ್ತೆ. ಮಂಚದ ಫ್ರೇಮ್ ಆದ್ರೆ ಎರಡು ಕರ್ಣಗಳನ್ನ ಅಳೀರಿ. ಎರಡೂ ಸಮ ಇದ್ರೆ ಫ್ರೇಮ್ ನೆಟ್ಟಗಿದೆ ಅಂತ ಅರ್ಥ.

2. ತಿರುಗಿಸಿ. ಕುರ್ಚಿ ಕುಂಟಿದ್ರೆ ತಪ್ಪು ನೆಲದ್ದಾ ಕುರ್ಚಿದಾ? 90 ಡಿಗ್ರಿ ತಿರುಗಿಸಿ ಅಲ್ಲೇ ಇಡಿ. ಮತ್ತೆ ಅದೇ ಕಾಲು ಎದ್ರೆ ಕುರ್ಚಿದು, ಬೇರೆ ಕಾಲು ಎದ್ರೆ ನೆಲದ್ದು.

3. ಬಡಿದು ನೋಡಿ. ಬೆರಳ ಗೆಣ್ಣಿಂದ ಬಡಿದಾಗ ಗಟ್ಟಿ ಮರದ ಒಂದು ಜಾಗದಲ್ಲಿ ಮಾತ್ರ ಟೊಳ್ಳು ಸದ್ದು ಬಂದ್ರೆ ಒಳಗೆ ಗೆದ್ದಲು ತಿಂದಿರಬಹುದು. ಮಣ್ಣಿನ ಗೆರೆ ಕಂಡ್ರೆ ವಾಪಸ್ ಬನ್ನಿ.

4. ಪುಡಿ ಹುಡುಕಿ. ಸೂಜಿ ಚುಚ್ಚಿದ ಹಾಗೆ ಸಣ್ಣ ತೂತುಗಳು, ಕೆಳಗೆ ಟಾಲ್ಕಂ ಪೌಡರ್ ಥರ ನುಣ್ಣನೆ ಪುಡಿ ಇದ್ರೆ ಒಳಗೆ ಹುಳ ಇನ್ನೂ ಕೆಲಸ ಮಾಡ್ತಿದೆ. ಒಂದು ಸಲ ಒರೆಸಿ, ಬಡಿದು, ಹೊಸ ಪುಡಿ ಉದುರುತ್ತಾ ನೋಡಿ.

5. ಸಂದಿಗೆ ಟಾರ್ಚ್ ಹಾಕಿ. ಇದು ತಿಗಣೆಗೆ. ಮಂಚದ ಹಲಗೆ ಸೇರೋ ಜಾಗ, ಸ್ಕ್ರೂ ತೂತು, ಕುಶನ್ ಹೊಲಿಗೆ ಇಲ್ಲೆಲ್ಲ ಪೆನ್ನಿನ ಇಂಕ್ ಚುಕ್ಕೆ ಥರ ಕಪ್ಪು ಕಲೆಗಳಿದ್ರೆ ಆ ವಸ್ತು ಬೇಡವೇ ಬೇಡ.

ತಿಗಣೆ ವಿಷಯ ಸ್ವಲ್ಪ ಜಾಸ್ತಿ ಹೇಳ್ಬೇಕು, ಯಾಕಂದ್ರೆ ಒಂದು ಮಂಚದಿಂದ ಇಡೀ ಮನೆಗೆ ಬರುತ್ತೆ. "ಮೂರು ತಿಂಗಳಿಂದ ಯಾರೂ ಬಳಸಿಲ್ಲ, ಏನೂ ಇರಲ್ಲ" ಅಂತ ಮಾರೋರು ಹೇಳಬಹುದು. ಆದ್ರೆ ತಿಗಣೆ ರಕ್ತ ಸಿಗದೇ ತಿಂಗಳುಗಟ್ಟಲೆ ಬದುಕುತ್ತೆ. ಸುಮಾರು 50 ಡಿಗ್ರಿ ಬಿಸಿ ತಾಗಿದ್ರೆ ಅದು ಸಾಯುತ್ತೆ, ಆದ್ರೆ ಆ ಬಿಸಿ ಸಂದಿಯ ಒಳಗೆ ಮುಟ್ಟಬೇಕು. ಬೆಂಗಳೂರಿನ ಬಿಸಿಲಲ್ಲಿ ಒಣಗಿಸಿದ್ರೆ ಸಾಕು ಅಂತ ನಂಬೋಕಾಗಲ್ಲ. ಕಬ್ಬಿಣದ ಮಂಚ ಆದ್ರೆ ಮನೆ ಒಳಗೆ ತರೋ ಮುಂಚೆ ಸಂದಿಗಳಿಗೆ ಕುದಿಯೋ ನೀರು ಹುಯ್ಯಬಹುದು. ಹಳೇ ಹಾಸಿಗೆ ಮತ್ತು ಬಟ್ಟೆ ಹೊದಿಸಿದ ಹಳೇ ಸೋಫಾ ಪುಕ್ಕಟೆ ಕೊಟ್ರೂ ನಾವು ತರಲ್ಲ.

ಪುಸ್ತಕದ ಶೆಲ್ಫ್ ಯಾಕೆ ಬಗ್ಗುತ್ತೆ?

ನಾವು ಓದಿರೋದು ಇಲ್ಲಿ ನಿಜವಾಗಿ ಕೆಲಸಕ್ಕೆ ಬರುತ್ತೆ. ಸ್ಟ್ರೆಂತ್ ಆಫ್ ಮೆಟೀರಿಯಲ್ಸ್‌ನಲ್ಲಿ ಸಿಂಪ್ಲಿ ಸಪೋರ್ಟೆಡ್ ಬೀಮ್ ನೆನಪಿದೆಯಾ? ಉದ್ದಕ್ಕೂ ಪುಸ್ತಕ ತುಂಬಿದ್ರೆ ಹಲಗೆ ಬಗ್ಗೋದು ಉದ್ದದ ನಾಲ್ಕನೇ ಘಾತಕ್ಕೆ ಅನುಗುಣವಾಗಿ ಹೆಚ್ಚಾಗುತ್ತೆ, ದಪ್ಪದ ಮೂರನೇ ಘಾತಕ್ಕೆ ಅನುಗುಣವಾಗಿ ಕಡಿಮೆ ಆಗುತ್ತೆ. ಅಂದ್ರೆ ಅದೇ ಹಲಗೆ 2 ಅಡಿ ಬದಲು 3 ಅಡಿ ಉದ್ದ ಇದ್ರೆ ಸುಮಾರು 5 ಪಟ್ಟು ಜಾಸ್ತಿ ಬಗ್ಗುತ್ತೆ. 12 ಎಂಎಂ ಬದಲು 18 ಎಂಎಂ ಹಲಗೆ ಆದ್ರೆ ಬಗ್ಗೋದು ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಆದ್ದರಿಂದ ಅಗಲ ಕಮ್ಮಿ ಇರೋ, ಎತ್ತರದ ಶೆಲ್ಫ್ ಹುಡುಕಿ. ಉದ್ದದ್ದೇ ಸಿಕ್ರೆ ನಡುವೆ ಒಂದು ಮರದ ತುಂಡು ಆಸರೆ ಕೊಡಿ, ಹಿಂದೆ ಒಂದು ಪ್ಲೈವುಡ್ ಹೊಡೀರಿ. ಹಿಂದಿನ ಪ್ಲೈ ಇದ್ರೆ ಶೆಲ್ಫ್ ಪಕ್ಕಕ್ಕೆ ವಾಲೋದೂ ನಿಲ್ಲುತ್ತೆ.

ಎಲ್ಲಿ, ಯಾವಾಗ?

ಸೀನಿಯರ್ಸ್ ಊರು ಬಿಡೋ ಟೈಮ್ ಎಲ್ಲಕ್ಕಿಂತ ಒಳ್ಳೇದು. ಫೈನಲ್ ಇಯರ್ ಮುಗಿದ ತಕ್ಷಣ ಅವರಿಗೆ ದುಡ್ಡಿಗಿಂತ ಮನೆ ಖಾಲಿ ಮಾಡೋ ಚಿಂತೆ ಜಾಸ್ತಿ. ಬಾಡಿಗೆ ಮನೆಗಳು ಖಾಲಿ ಆಗೋ ತಿಂಗಳ ಕೊನೆ ವಾರವೂ ಅಷ್ಟೇ. ಗುಜರಿ ಅಂಗಡಿಗಳಲ್ಲಿ ಕಬ್ಬಿಣದ ಸಾಮಾನು ಸಿಗುತ್ತೆ. ಸೆಕೆಂಡ್ ಹ್ಯಾಂಡ್ ಫರ್ನಿಚರ್ ಅಂಗಡಿಗಳಲ್ಲಿ ಬೆಲೆ ಸ್ವಲ್ಪ ಜಾಸ್ತಿ, ಆದ್ರೆ ಸಣ್ಣಪುಟ್ಟ ರಿಪೇರಿ ಅವರೇ ಮಾಡಿಕೊಡ್ತಾರೆ.

ಆನ್‌ಲೈನ್‌ನಲ್ಲಿ ಆದ್ರೆ ಎರಡು ಎಚ್ಚರಿಕೆ. ವಸ್ತು ಕಣ್ಣಾರೆ ನೋಡದೇ ಒಂದು ರೂಪಾಯಿ ಅಡ್ವಾನ್ಸ್ ಕಳಿಸಬೇಡಿ. ನೀವೇ ಏನಾದ್ರೂ ಮಾರುವಾಗ, "ದುಡ್ಡು ಕಳಿಸ್ತೀನಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ" ಅಂದ್ರೆ ಅದು ಮೋಸ. ದುಡ್ಡು ಬರೋಕೆ ಯುಪಿಐ ಪಿನ್ ಬೇಕಾಗಲ್ಲ, ಹೋಗೋಕೆ ಮಾತ್ರ ಬೇಕು.

ಬೆಲೆ ಮಾತಾಡೋ ಮುಂಚೆ ಸಾಗಿಸೋ ಖರ್ಚು ಸೇರಿಸ್ಕೊಳ್ಳಿ. 700 ರೂಪಾಯಿ ಶೆಲ್ಫಿಗೆ 800 ರೂಪಾಯಿ ಆಟೋ ಕೊಟ್ರೆ ಲೆಕ್ಕ ತಪ್ಪುತ್ತೆ. ಒಂದೇ ಏರಿಯಾದಲ್ಲಿ ನಾಲ್ಕೈದು ವಸ್ತು ಒಪ್ಪಿಕೊಂಡು ಒಂದೇ ದಿನ ಟಾಟಾ ಏಸ್ ಕರೆಸಿ. ಮೆಟ್ಟಿಲ ತಿರುವು, ಬಾಗಿಲಿನ ಅಗಲ ಮುಂಚೆಯೇ ಅಳೆದಿಡಿ. ರೂಮಲ್ಲಿ ಹಿಡಿಸುತ್ತಾ ಅಂತ ಡೌಟ್ ಇದ್ರೆ ಮಂಚದ ಅಳತೆಗೆ ನೆಲದ ಮೇಲೆ ಹಳೇ ಪೇಪರ್ ಹಾಸಿ ಒಂದು ದಿನ ಓಡಾಡಿ. ಬಾಗಿಲು ತೆಗೆಯೋಕೆ, ನಡೆಯೋಕೆ ಎರಡಡಿ ಉಳಿದ್ರೆ ಸರಿ.

ನಮ್ಮ ಲೆಕ್ಕ ಹೀಗಿತ್ತು: ಎರಡು ಕಬ್ಬಿಣದ ಮಂಚ 2,400, ಸ್ಟೀಲ್ ಬೀರು 3,000, ದೊಡ್ಡ ಮರದ ಮೇಜು 1,800, ನಾಲ್ಕು ಕುರ್ಚಿ 1,400, ಶೆಲ್ಫ್ 700, ಗಾಡಿ 1,300, ರಿಪೇರಿ ಸಾಮಾನು 900, ನಾಲ್ಕು ಹೊಸ ಹಾಸಿಗೆ 3,800, ಬಲ್ಬು ಮತ್ತು ಲ್ಯಾಂಪಿಗೆ 700. ಒಟ್ಟು ಸರಿಯಾಗಿ 16,000. ಇಬ್ಬರಿಗೆ ಮಂಚ, ಇಬ್ಬರು ನೆಲದ ಮೇಲೆ, ತಿಂಗಳಿಗೊಮ್ಮೆ ಬದಲಾವಣೆ.

ಉಜ್ಜೋದು, ಅಂಟಿಸೋದು, ಅಲಂಕಾರ

ಸಡಿಲ ಜಾಯಿಂಟ್ ಮೇಲೆ ಸುಮ್ನೆ ಫೆವಿಕಾಲ್ ಸುರಿದ್ರೆ ಹಿಡಿಯಲ್ಲ. ಹಳೇ ಅಂಟನ್ನ ಪೂರ್ತಿ ಕೆರೆದು ಬರೀ ಮರ ಕಾಣೋ ಹಾಗೆ ಮಾಡಿ, ಆಮೇಲೆ ಹಚ್ಚಿ. ಕ್ಲ್ಯಾಂಪ್ ಇಲ್ಲದಿದ್ರೆ ಕಾಲುಗಳ ಸುತ್ತ ಹಗ್ಗ ಕಟ್ಟಿ, ನಡುವೆ ಕಡ್ಡಿ ಸಿಕ್ಕಿಸಿ ತಿರುಚಿ ಬಿಗಿ ಮಾಡಿ, ಒಂದು ದಿನ ಹಾಗೇ ಬಿಡಿ. ಮರ ಉಜ್ಜೋಕೆ 80, 120, 220 ನಂಬರ್ ಪೇಪರ್ ಅದೇ ಕ್ರಮದಲ್ಲಿ, ಮರದ ಎಳೆ ಇರೋ ದಿಕ್ಕಲ್ಲೇ ಬಳಸಿ. ಫ್ರೆಂಚ್ ಪಾಲಿಶ್ ಅಂದ್ರೆ ಅರಗನ್ನ ಸ್ಪಿರಿಟ್‌ನಲ್ಲಿ ಕರಗಿಸಿದ್ದು. ಚೆನ್ನಾಗಿ ಹೊಳೆಯುತ್ತೆ, ಆದ್ರೆ ಬಿಸಿ ಕಾಫಿ ಲೋಟ ಇಟ್ರೆ ಬಿಳಿ ಉಂಗುರ ಬೀಳುತ್ತೆ.

ಹಳೇ ಪೇಂಟ್ ಇರೋ ಕಬ್ಬಿಣದ ಮಂಚ ಉಜ್ಜುವಾಗ ಹುಷಾರು. ಮನೆ ಪೇಂಟ್‌ಗಳಲ್ಲಿ ಸೀಸ 90 ಪಿಪಿಎಂ ಮೀರಬಾರದು ಅನ್ನೋ ನಿಯಮ ಭಾರತದಲ್ಲಿ ಜಾರಿಗೆ ಬಂದಿದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಳೇ ಬಣ್ಣದಲ್ಲಿ ಸೀಸ ಇರೋ ಸಾಧ್ಯತೆ ಇದೆ. ಒಣಗಿದ್ದನ್ನ ಉಜ್ಜಬೇಡಿ. ನೀರು ಹಚ್ಚಿಕೊಂಡು, ಮಾಸ್ಕ್ ಹಾಕಿಕೊಂಡು, ಮನೆ ಹೊರಗೆ ಉಜ್ಜಿ.

ಅಲಂಕಾರಕ್ಕೆ ದುಡ್ಡು ಉಳಿಯಲ್ಲ, ಓನರ್ ಗೋಡೆಗೆ ಮೊಳೆ ಹೊಡೆಯೋಕೂ ಬಿಡಲ್ಲ. ಆದ್ರೂ ದಾರಿ ಇದೆ. ನಾಲ್ಕು ಬೇರೆ ಬೇರೆ ಕುರ್ಚಿಗೆ ಒಂದೇ ಬಣ್ಣ ಹೊಡೆದ್ರೆ ಅವು ಒಂದು ಸೆಟ್ ಆಗುತ್ತೆ. ಬಿಳಿ ಟ್ಯೂಬ್‌ಲೈಟ್ ಆರಿಸಿ ಮೂಲೆಯಲ್ಲಿ ಹಳದಿ ಬೆಳಕಿನ 9 ವ್ಯಾಟ್ ಎಲ್‌ಇಡಿ ಹಾಕಿದ್ರೆ ರೂಮೇ ಬೇರೆ ಥರ ಕಾಣುತ್ತೆ. ಮನೆಯಿಂದ ಒಂದು ಕೌದಿ ತಂದು ಮಂಚಕ್ಕೆ ಹಾಸಿ. ಹಳೇ ಸೀರೆ, ಪಂಚೆಗಳನ್ನ ಪದರ ಪದರ ಜೋಡಿಸಿ ಹೊಲಿಯೋ ಕೌದಿ ನಮ್ಮ ಉತ್ತರ ಕರ್ನಾಟಕದ ಮನೆಗಳಲ್ಲಿ ಯಾವತ್ತಿಂದಲೂ ಇದೆ. ಉತ್ತರ ಕನ್ನಡದ ಸಿದ್ದಿ ಹೆಣ್ಣುಮಕ್ಕಳ ಕವಂದಿಗೆ ಹೊರದೇಶದಲ್ಲೂ ಹೆಸರಿದೆ. ಹಳೇದನ್ನ ಚೆಂದ ಮಾಡೋದು ನಮಗೆ ಯಾವುದೋ ವಿಡಿಯೋ ಕಲಿಸಿದ ವಿದ್ಯೆ ಅಲ್ಲ.

ಯಾರದ್ದೋ ಮಂಚ

ಕೊನೆಗೆ, ಇದರಲ್ಲಿ ದುಡ್ಡಿನ ಲೆಕ್ಕಕ್ಕೆ ಸಿಗದ ಒಂದು ವಿಷಯ ಇದೆ. ನಮ್ಮಲ್ಲೊಬ್ಬನ ಅಮ್ಮ ಫೋನಲ್ಲಿ ಕೇಳಿದ್ರು, "ಯಾರು ಮಲಗಿದ್ದ ಮಂಚಾನೋ ಏನೋ, ನಿಮಗೆ ಬೇರೆ ಸಿಗಲಿಲ್ವೇನೋ?" ಆ ಮಾತಲ್ಲಿ ಮಗನಿಗೆ ಹೊಸದು ಕೊಡಿಸೋಕಾಗಲಿಲ್ಲ ಅನ್ನೋ ಬೇಜಾರೂ ಇತ್ತು. ಅದನ್ನ ಮೂಢನಂಬಿಕೆ ಅಂತ ತಳ್ಳಿಹಾಕೋಕೆ ನಮಗೆ ಮನಸ್ಸಾಗಲಿಲ್ಲ. ಊರಲ್ಲಿ ಅಜ್ಜಿಯ ಮಂಚದ ಮೇಲೆ ನಾವೆಲ್ಲ ಮಲಗಿದೀವಿ, ಅದೂ ಹಳೇದೇ. ಅದು ಯಾರದ್ದು ಅಂತ ಗೊತ್ತು, ಇದು ಗೊತ್ತಿಲ್ಲ, ಅಷ್ಟೇ ವ್ಯತ್ಯಾಸ. ಅದಕ್ಕೇ ಈಗ ಏನು ತಗೊಂಡ್ರೂ ಮಾರೋರನ್ನ ಕೇಳ್ತೀವಿ: ಇದನ್ನ ಯಾರು ಬಳಸ್ತಿದ್ರು, ಯಾಕೆ ಮಾರ್ತಿದೀರಿ ಅಂತ. ಮೇಜು ಒಬ್ಬ ಟ್ಯೂಷನ್ ಮೇಷ್ಟ್ರದ್ದು ಅಂತ ಗೊತ್ತಾದ ಮೇಲೆ ಆ ಅಮ್ಮನೇ, "ಹಾಗಾದ್ರೆ ಅದರ ಮೇಲೆ ಕೂತು ಓದ್ರಪ್ಪ" ಅಂದ್ರು.

ಬೀರುವಿನ ಬಾಗಿಲ ಒಳಗಡೆ ಒಂದು ಚೀಟಿ ಅಂಟಿಸಿದೀವಿ. ಯಾವ ವಸ್ತು, ಎಷ್ಟಕ್ಕೆ ತಗೊಂಡಿದ್ದು, ಯಾವಾಗ ಏನು ರಿಪೇರಿ ಆಯ್ತು ಅಂತ ಅದರಲ್ಲಿದೆ. ಇನ್ನೆರಡು ವರ್ಷಕ್ಕೆ ನಾವೂ ಈ ಮನೆ ಖಾಲಿ ಮಾಡ್ತೀವಿ. ಆಗ ಸೆಕೆಂಡ್ ಇಯರ್‌ನಲ್ಲಿ ಇರೋರು ಯಾರಾದ್ರೂ ಬಂದು ಚೀಟಿ ಓದಿ, ಮಂಚ ಅಲ್ಲಾಡಿಸಿ ನೋಡಿ, ಬೆಲೆ ಮಾತಾಡಬಹುದು. ಚೌಕಾಸಿಗೆ ಸ್ವಾಗತ.