ಬಚ್ಚಲ ಬಾಯ್ಲರಿಗೆ ಸುಣ್ಣ ಹಿಡಿದಾಗ

ನಮ್ಮದು ಚಳ್ಳಕೆರೆ ಸೀಮೆ. ಮಳೆ ಬಂದರೆ ಶೇಂಗಾ, ಬರದಿದ್ದರೆ ಬಳ್ಳಾರಿ ಜಾಲಿ. ಮನೆಗೂ ದನಕ್ಕೂ ಬೋರಿನ ನೀರೇ ಗತಿ. ಈ ನೀರಲ್ಲಿ ತೊಗರಿಬೇಳೆ ಬೇಯಲ್ಲ, ಸೋಪು ನೊರೆ ಬರಲ್ಲ. ಇಷ್ಟು ಗೊತ್ತಿದ್ದೂ ಇದೇ ನೀರು ಬಾಯ್ಲರಿನ ಒಳಗೆ ಏನು ಮಾಡುತ್ತೆ ಅಂತ ಹತ್ತು ವರ್ಷ ನಾನು ಯೋಚನೆ ಮಾಡಿರಲಿಲ್ಲ. 2021ರ ಜನವರಿಯಲ್ಲಿ ನನ್ನ ಹೆಂಡತಿಯ ಮುಂಗೈ ಸುಟ್ಟ ಮೇಲೆ ಯೋಚಿಸಿದೆ.

ನಮ್ಮ ಬಾಯ್ಲರ್ ತಾಮ್ರದ್ದು, 60 ಲೀಟರ್ ಹಿಡಿಯುತ್ತೆ. 2011ರಲ್ಲಿ ತಂದದ್ದು. ಕೆಳಗೆ ಕಟ್ಟಿಗೆ ಉರಿಸುವ ಗೂಡು, ನಡುವೆ ಹೊಗೆ ಹೋಗುವ ಕೊಳವೆ, ಅದರ ಸುತ್ತ ನೀರು. ಮಾಳಿಗೆ ಮೇಲಿನ ಟ್ಯಾಂಕಿನಿಂದ ತಣ್ಣೀರು ಪೈಪಲ್ಲಿ ಇಳಿದು ಬಾಯ್ಲರಿನ ತಳಕ್ಕೆ ಸೇರುತ್ತೆ. ಬಿಸಿನೀರು ಮೇಲ್ಗಡೆಯಿಂದ ನಲ್ಲಿಗೆ ಬರುತ್ತೆ. ನೆತ್ತಿಯಿಂದ ಇನ್ನೊಂದು ಸಣ್ಣ ಪೈಪು ಟ್ಯಾಂಕಿಗಿಂತ ಎತ್ತರಕ್ಕೆ ಹೋಗಿ ಬಾಯಿ ಬಿಟ್ಟುಕೊಂಡು ನಿಂತಿರುತ್ತೆ. ಅದಕ್ಕೆ ಗಾಳಿ ಪೈಪು ಅಂತೀವಿ. ಅದು ಯಾಕಿದೆ ಅಂತ ಕೂರಿಸಿದವನು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮೊದಲ ಲಕ್ಷಣ ಕಂಡದ್ದು ಹೆಂಡತಿಗೆ. "ಮುಂಚೆ ಒಂದು ಹಿಡಿ ತೊಗರಿ ಕಡ್ಡಿಗೆ ನೀರು ಕಾಯ್ತಿತ್ತು, ಈಗ ಜಾಲಿ ಕೊರಡೇ ಬೇಕು" ಅಂದಳು. ಕಟ್ಟಿಗೆ ಹಸಿ ಇರಬೇಕು ಅಂದೆ. ಆಮೇಲೆ ಉರಿ ಹಾಕಿದಾಗ ಒಳಗೆ ಗುಡುಗುಡು ಸದ್ದು ಶುರುವಾಯ್ತು. ನಲ್ಲಿಯಲ್ಲಿ ನೀರು ಸಣ್ಣಗಾಯ್ತು, ಬಕೆಟ್ಟಿನ ತಳದಲ್ಲಿ ಬಿಳಿ ಚೂರು ಕಾಣತೊಡಗಿದವು. ಕೊನೆಗೆ ಗಾಳಿ ಪೈಪಿನಿಂದ ಬಿಸಿನೀರು ತೊಟ್ಟಿಕ್ಕಿ ಮಣ್ಣಿನ ಗೋಡೆ ನೆನೆಯೋಕೆ ಹತ್ತಿತು. ಗೋಡೆ ಬಿದ್ದೀತು ಅಂತ ಆ ಪೈಪಿನ ಬಾಯಿಗೆ ನಾನೇ ಒಂದು ಕ್ಯಾಪ್ ತಿರುಗಿಸಿ ಬಿಗಿ ಮಾಡಿದೆ. ತೊಟ್ಟಿಕ್ಕುವುದು ನಿಂತಿತು. ಕೆಲಸ ಮುಗಿಯಿತು ಅಂದುಕೊಂಡೆ.

ಮೂರನೇ ದಿನ ಬೆಳಿಗ್ಗೆ ಹೆಂಡತಿ ನೀರು ಕಾಯಲಿಲ್ಲ ಅಂತ ಇನ್ನೆರಡು ಕೊರಡು ನೂಕಿ ನಲ್ಲಿ ತಿರುಗಿಸಿದಳು. ನೀರಿನ ಬದಲು ಬುಸ್ ಅಂತ ಹಬೆಯೂ ಕುದಿನೀರೂ ಹಾರಿದವು. ಮುಂಗೈ ಪೂರ್ತಿ ಬೊಬ್ಬೆ ಎದ್ದಿತು. ಪುಣ್ಯಕ್ಕೆ ಮೊಮ್ಮಗಳು ಇನ್ನೂ ಹಾಸಿಗೆಯಲ್ಲಿದ್ದಳು. ದಿನಾ ಮೊದಲು ಬಚ್ಚಲಿಗೆ ಹೋಗಿ ಒಲೆ ಮುಂದೆ ಕೂರುವವಳು ಅವಳೇ. ಸುಟ್ಟ ಕೈಗೆ ಯಾರೋ ಪೇಸ್ಟ್ ಹಚ್ಚಿ ಅಂದರು. ದಯವಿಟ್ಟು ಹಚ್ಚಬೇಡಿ. ಇಪ್ಪತ್ತು ನಿಮಿಷ ತಣ್ಣೀರು ಸುರಿದು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು.

ಬಾಯ್ಲರ್ ಬಿಚ್ಚಿ ಪೇಟೆಯ ಕಂಚುಗಾರರ ಹತ್ತಿರ ಒಯ್ದೆ. ಅವರು ಮೇಲಿನ ಮುಚ್ಚಳದ ಬೆಸುಗೆ ಬಿಡಿಸಿ ತೋರಿಸಿದರು. ಹೊಗೆ ಕೊಳವೆ ಸುತ್ತ ಅರ್ಧ ಇಂಚು ದಪ್ಪ ಬಿಳಿ ಚಕ್ಕೆ, ತಳದಲ್ಲಿ ಉದುರಿ ಬಿದ್ದ ಚೂರಿನ ರಾಶಿ. ತೂಗಿದರೆ ಒಂಬತ್ತು ಕಿಲೋ! ತಣ್ಣೀರು ಬರುವ ತೂತಿನಲ್ಲಿ ಪೆನ್ಸಿಲ್ ಕೂಡ ತೂರಲಿಲ್ಲ. ಒಂದು ಚಕ್ಕೆ ಮೇಲೆ ನಿಂಬೆಹಣ್ಣು ಹಿಂಡಿದರು, ಬುರುಬುರು ನೊರೆ ಬಂತು. "ಇದು ಸುಣ್ಣ ಯಜಮಾನ್ರೇ, ಉಪ್ಪಲ್ಲ" ಅಂದರು.

ಆಗಿದ್ದು ಏನು ಅಂತ ಆಮೇಲೆ ಅರ್ಥವಾಯ್ತು. ನೀರು ಕಾದರೆ ಹಿಗ್ಗುತ್ತೆ. 60 ಲೀಟರ್ ನೀರು ಚೆನ್ನಾಗಿ ಕಾಯುವ ಹೊತ್ತಿಗೆ ಹೆಚ್ಚುಕಡಿಮೆ ಎರಡು ಲೀಟರಿನಷ್ಟು ಹಿಗ್ಗುತ್ತೆ. ಆ ಎರಡು ಲೀಟರ್ ತಣ್ಣೀರಿನ ಪೈಪಿನಲ್ಲೇ ಹಿಂದಕ್ಕೆ ಸರಿದು ಟ್ಯಾಂಕಿಗೆ ಹೋಗಬೇಕು. ಆ ದಾರಿಗೆ ಸುಣ್ಣ ಕಟ್ಟಿತ್ತು. ಉಳಿದದ್ದು ಗಾಳಿ ಪೈಪು ಒಂದೇ. ಅದು ತೊಟ್ಟಿಕ್ಕುತ್ತಿದ್ದದ್ದು ಕೆಟ್ಟು ಅಲ್ಲ, ಒಳಗೆ ಏನೋ ಸರಿ ಇಲ್ಲ ಅಂತ ಹೇಳುತ್ತಿತ್ತು. ನಾನು ಅದರ ಬಾಯಿ ಮುಚ್ಚಿಸಿದೆ. ಬಾಯ್ಲರ್ ಸಿಡಿಯದೆ ಉಳಿದದ್ದೇ ದೊಡ್ಡದು ಅಂತ ಕಂಚುಗಾರರು ಬೈದರು. ಬೈಸಿಕೊಂಡೆ.

ಸುಣ್ಣ ಎಲ್ಲಿಂದ ಬರುತ್ತೆ? ಮಳೆನೀರು ಮಣ್ಣಿನಲ್ಲಿ ಇಳಿಯುವಾಗ ಅಲ್ಲಿನ ಇಂಗಾಲದ ಡೈ ಆಕ್ಸೈಡ್ ಹೀರಿಕೊಂಡು ಸ್ವಲ್ಪ ಹುಳಿಯಾಗುತ್ತೆ. ಆ ಹುಳಿ ನೀರು ಸುಣ್ಣದ ಹರಳನ್ನು ಕರಗಿಸಿಕೊಂಡು ಆಳಕ್ಕೆ ಹೋಗುತ್ತೆ. ಕಾಯಿಸಿದಾಗ ಆ ಗಾಳಿ ಹಾರಿಹೋಗುತ್ತೆ, ಹಿಡಿದಿಟ್ಟುಕೊಳ್ಳುವವರಿಲ್ಲದೆ ಸುಣ್ಣ ಬೇರೆಯಾಗಿ ಬಿಸಿ ತಗಡಿಗೇ ಅಂಟುತ್ತೆ. ನಮ್ಮ ಬೋರಿನ ನೀರನ್ನು ಪರೀಕ್ಷೆಗೆ ಕೊಟ್ಟೆ. ಗಡಸುತನ ಲೀಟರಿಗೆ 680 ಮಿಲಿಗ್ರಾಂ ಬಂತು. ಕುಡಿಯುವ ನೀರಿಗೆ 200 ಒಳ್ಳೆಯದು, ಬೇರೆ ದಾರಿ ಇಲ್ಲದಿದ್ದರೆ 600ರ ತನಕ ಆಗಬಹುದು ಅಂತ ಭಾರತೀಯ ಮಾನಕ ಸಂಸ್ಥೆಯ ಲೆಕ್ಕ. ತಾಮ್ರಕ್ಕೆ ಹೋಲಿಸಿದರೆ ಈ ಚಕ್ಕೆಯಲ್ಲಿ ಶಾಖ ಹಾಯುವುದು ನೂರು ಪಟ್ಟಿಗಿಂತಲೂ ಕಡಿಮೆ. ಉರಿಯ ಶಾಖ ನೀರಿಗೆ ಮುಟ್ಟದೆ ಹೊಗೆ ಕೊಳವೆಯಲ್ಲಿ ಮೇಲೆ ಹೋಗುತ್ತೆ, ತಗಡು ಕೆಂಪಗೆ ಕಾದು ಬೆಸುಗೆ ಬಿಡುತ್ತೆ. ಗುಡುಗುಡು ಅನ್ನೋದು ಚಕ್ಕೆ ಸಂದಿಯಲ್ಲಿ ಸಿಕ್ಕ ನೀರು ಕುದಿಯುವ ಸದ್ದು.

ನಮ್ಮ ಅವ್ವನ ಕಾಲದಲ್ಲಿ ಬಾಯಿ ತೆರೆದ ಹಂಡೆ ಇತ್ತು. ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಮುಂಚೆ ಅದರ ಒಳಗೆ ಕೈ ಹಾಕಿ ಹುಣಸೆಹುಳಿ, ಇಟ್ಟಿಗೆ ಪುಡಿ ಹಾಕಿ ತಿಕ್ಕುತ್ತಿದ್ದಳು. ನೀರೂ ಸೇದುವ ಬಾವಿಯದ್ದು, ಇಷ್ಟು ಗಡಸು ಇರಲಿಲ್ಲ. ಬಾಯ್ಲರ್ ಬಂದ ಮೇಲೂ ನಾವು ಹಬ್ಬಕ್ಕೆ ತಿಕ್ಕುತ್ತಿದ್ದೆವು, ಆದರೆ ಹೊರಗಡೆ ಮಾತ್ರ. ಹೊರಗೆ ಸುಣ್ಣ ಕೆಮ್ಮಣ್ಣಿನ ಪಟ್ಟೆ ಎಳೆದು ಪೂಜೆ, ಒಳಗೆ ಒಂಬತ್ತು ಕಿಲೋ ಸುಣ್ಣ!

ಈಗ ನಾನು ತೊಳೆಯುವ ರೀತಿ ಹೀಗೆ. ಉರಿ ಆರಿಸಿ, ಬಾಯ್ಲರ್ ಪೂರ್ತಿ ತಣ್ಣಗಾದ ಮೇಲೆ ತಳದ ತಿರುಪು ಬಿಚ್ಚಿ ಚೂರು ಸಮೇತ ನೀರು ಬಿಡುತ್ತೇನೆ. ಇದು ತಿಂಗಳಿಗೊಮ್ಮೆ. ಇಷ್ಟು ಮಾಡಿದರೇ ಅರ್ಧ ಕಾಟ ತಪ್ಪುತ್ತೆ. ವರ್ಷಕ್ಕೊಮ್ಮೆ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್, ಲೀಟರಿಗೆ 50 ಗ್ರಾಮಿನಂತೆ ಮೂರು ಕಿಲೋ ಕರಗಿಸಿ ತುಂಬುತ್ತೇನೆ. ಕೈ ತಾಳುವಷ್ಟು ಬೆಚ್ಚಗೆ ಮಾಡಿ ಉರಿ ತೆಗೆದು ಮೂರು ನಾಲ್ಕು ಗಂಟೆ ಬಿಡುವುದು. ಕುದಿಸಬಾರದು. ಗಾಳಿ ಪೈಪು ತೆರೆದೇ ಇರಬೇಕು, ನೊರೆಯ ಜತೆ ಅನಿಲ ಬರುತ್ತೆ. ಬಚ್ಚಲ ಕಿಟಕಿಯೂ ತೆರೆದಿರಲಿ. ಆಮೇಲೆ ಬಿಟ್ಟು ಎರಡು ಮೂರು ಸಲ ಸಾದಾ ನೀರಲ್ಲಿ ತೊಳೆಯಬೇಕು, ಇಲ್ಲದಿದ್ದರೆ ತಳದಲ್ಲಿ ಬಿಳಿ ಬಗ್ಗಡ ಉಳಿಯುತ್ತೆ. ಒಂದು ಕಿಲೋ ನಿಂಬೆ ಉಪ್ಪು ಒಂದು ಕಿಲೋ ಸುಣ್ಣವನ್ನೂ ಕರಗಿಸಲ್ಲ. ಆದ್ದರಿಂದ ಅರ್ಧ ಇಂಚು ಕಟ್ಟಿದ ಮೇಲೆ ಇದರಿಂದ ಪ್ರಯೋಜನ ಕಡಿಮೆ, ಕಂಚುಗಾರರೇ ಬಿಚ್ಚಬೇಕು. ಹುಣಸೆಹುಳಿಯೂ ಆಗುತ್ತೆ, ಆದರೆ ನಾರು ಪೈಪಿನಲ್ಲಿ ಸಿಕ್ಕಿಕೊಳ್ಳುತ್ತೆ.

ತೊಳೆದ ನೀರಿನಲ್ಲಿ ತಾಮ್ರ ಕರಗಿರುತ್ತೆ. ದನ ಕುರಿ ಕುಡಿಯುವ ಕಡೆ ಹರಿಸಬೇಡಿ. ಕುರಿಗಂತೂ ತಾಮ್ರ ಸ್ವಲ್ಪ ಹೆಚ್ಚಾದರೂ ವಿಷ. ಕಕ್ಕಸು ತೊಳೆಯುವ ಆಸಿಡ್ ಬೇಗ ಕೆಲಸ ಮಾಡುತ್ತೆ ಅಂತ ಕೆಲವರು ಸುರಿಯುತ್ತಾರೆ. ಅದು ಬೆಸುಗೆ, ಹಿತ್ತಾಳೆ, ಕಬ್ಬಿಣದ ಪೈಪು ಎಲ್ಲವನ್ನೂ ತಿನ್ನುತ್ತೆ. ಬ್ಲೀಚಿಂಗ್ ಪುಡಿ ಜತೆ ಸೇರಿದರೆ ಕ್ಲೋರಿನ್ ಅನಿಲ ಎದ್ದು ಉಸಿರೇ ಕಟ್ಟುತ್ತೆ.

ಪೇಟೆಯಲ್ಲಿರುವ ಮಗಳ ಮನೆಯ ಕರೆಂಟ್ ಗೀಸರಿನ ಕಥೆಯೂ ಇದೇ. ಅಲ್ಲಿ ಸುಣ್ಣ ಕೂರುವುದು ಕಾಯಿಲ್ ಮೇಲೆ. ನೀರು ತಡವಾಗಿ ಕಾಯುತ್ತೆ, ಕಾಯಿಲ್ ಒಳಗೊಳಗೇ ಸುಟ್ಟು ಸೀಳುತ್ತೆ, ಕರೆಂಟ್ ನೀರಿಗೆ ಇಳಿಯುತ್ತೆ. ಗೀಸರ್ ಹಾಕಿದಾಗ ಸ್ವಿಚ್ ತಾನಾಗಿ ಬೀಳುತ್ತಿದ್ದರೆ ಮತ್ತೆ ಮತ್ತೆ ಎತ್ತಬೇಡಿ, ಮೆಕ್ಯಾನಿಕ್‌ಗೆ ಹೇಳಿ. ಒತ್ತಡ ಬಿಡುವ ವಾಲ್ವ್ ತೊಟ್ಟಿಕ್ಕುತ್ತಿದ್ದರೆ ಅದಕ್ಕೆ ಬಿರಟೆ ಹಾಕುವ ನನ್ನ ಬುದ್ಧಿ ನಿಮಗೆ ಬೇಡ. ಶಾಖ 55 ಡಿಗ್ರಿ ಸುಮಾರಿಗೆ ಇಟ್ಟರೆ ಸುಣ್ಣ ನಿಧಾನಕ್ಕೆ ಕಟ್ಟುತ್ತೆ. ಸೋಲಾರ್ ಹಾಕಿಸುವವರು ಮೊದಲು ನೀರು ಪರೀಕ್ಷೆ ಮಾಡಿಸಿ. ಚಪ್ಪಟೆ ಪೆಟ್ಟಿಗೆಯದ್ದರ ಸಣ್ಣ ತಾಮ್ರದ ಕೊಳವೆಗಳು ಗಡಸು ನೀರಿಗೆ ಬೇಗ ಕಟ್ಟಿಕೊಳ್ಳುತ್ತವೆ. ಗಾಜಿನ ಕೊಳವೆಯದ್ದಾದರೆ ಬಿಚ್ಚಿ ತೊಳೆಯಬಹುದು.

ಪಟಿಕ ಹಾಕಿದರೆ ಕಸ ಕೂರುತ್ತೆ, ಗಡಸುತನ ಹೋಗಲ್ಲ. ಬಟ್ಟೆಯಲ್ಲಿ ಸೋಸಿದರೂ ಅಷ್ಟೇ, ಕರಗಿದ್ದು ಸೋಸಿಗೆ ಸಿಗಲ್ಲ. ಪೈಪಿಗೆ ಕಟ್ಟುವ ಆಯಸ್ಕಾಂತ ಒಂದನ್ನು ಮನೆಬಾಗಿಲಿಗೆ ಬಂದವನ ಮಾತು ಕೇಳಿ ತಗೊಂಡೆ. ನಮ್ಮ ಬಾಯ್ಲರಲ್ಲಿ ಚಕ್ಕೆ ಮೊದಲಿನಷ್ಟೇ ಕಟ್ಟಿತು. ಶುದ್ಧ ನೀರಿನ ಘಟಕದಲ್ಲಿ ಹೊರಗೆ ಬಿಡುವ ನೀರನ್ನು ಕೆಲವರು ಸ್ನಾನಕ್ಕೆ ಹೊರುತ್ತಾರೆ. ಅದು ಬೋರಿನ ನೀರಿಗಿಂತ ಇನ್ನೂ ಗಡಸು.

ನನಗೆ ಹಿಡಿಸಿದ ಉಪಾಯ ಮಳೆನೀರು. ಅದರಲ್ಲಿ ಸುಣ್ಣ ಇಲ್ಲವೇ ಇಲ್ಲ ಅನ್ನಬಹುದು. ಒಂದು ಚದರ ಮೀಟರ್ ಸೂರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ನಮ್ಮ ಆರ್‌ಸಿಸಿ ಮಾಳಿಗೆ 60 ಚದರ ಮೀಟರ್. ವರ್ಷಕ್ಕೆ 500 ಮಿಲಿಮೀಟರ್ ಬಂದರೆ 30 ಸಾವಿರ ಲೀಟರ್, ಐದರಲ್ಲೊಂದು ಪಾಲು ಪೋಲಾದರೂ 24 ಸಾವಿರ. ಅಷ್ಟಕ್ಕೆ ತೊಟ್ಟಿ ಕಟ್ಟುವ ಶಕ್ತಿ ನನಗಿರಲಿಲ್ಲ. 2022ರಲ್ಲಿ 10 ಸಾವಿರ ಲೀಟರಿನದ್ದು ಕಟ್ಟಿಸಿ, ಅಲ್ಲಿಂದ ಟ್ಯಾಂಕಿಗೆ ಕೈಪಂಪಲ್ಲಿ ಏರಿಸಿಕೊಳ್ಳುತ್ತೇನೆ. ದಿನಕ್ಕೆ ನೂರು ಲೀಟರಿನಂತೆ ನೂರು ದಿನ. ಸೆಪ್ಟೆಂಬರ್, ಅಕ್ಟೋಬರ್ ಮಳೆಗೆ ತುಂಬಿಕೊಂಡರೆ ಚಳಿಗಾಲ ಕಳೆಯುತ್ತೆ. ಬೇಸಿಗೆಗೆ ಮತ್ತೆ ಬೋರಿನ ನೀರೇ, ಆಗ ಬಿಸಿನೀರೂ ಕಡಿಮೆ ಬೇಕು. 2023ರ ಬರಗಾಲದಲ್ಲಿ ತೊಟ್ಟಿ ಅರ್ಧವೂ ತುಂಬಲಿಲ್ಲ, ಅದನ್ನೂ ಹೇಳಬೇಕು.

ನೀರು ತುಂಬುವ ಹಬ್ಬದ ಹಿಂದಿನ ದಿನವೇ ಈಗ ನಮ್ಮನೆಯಲ್ಲಿ ನಿಂಬೆ ಉಪ್ಪಿನ ಕೆಲಸ. ಹೋದ ಸಲ ತಳದ ತಿರುಪು ಬಿಚ್ಚಿದಾಗ ಬಂದದ್ದು ಎರಡು ಹಿಡಿ ಚೂರು. ತೊಗರಿ ಕಡ್ಡಿ ಉರಿಗೇ ಅರ್ಧ ಗಂಟೆಯಲ್ಲಿ ನೀರು ಕಾಯುತ್ತೆ. ಗಾಳಿ ಪೈಪಿನ ಬಾಯಿ ತೆರೆದಿದೆ, ಅದರ ಕೆಳಗೆ ಗೋಡೆ ನೆನೆಯದಂತೆ ಒಂದು ತಗಡು ಬಡಿದಿದ್ದೇನೆ.