ಬರಹದಲ್ಲಿ ಉಳಿದದ್ದು, ಬಾಯಲ್ಲಿ ಉಳಿದದ್ದು

ಹೈಸ್ಕೂಲಿನಲ್ಲಿ ಸಂಸ್ಕೃತ ಪಾಠ ಮಾಡುತ್ತಿದ್ದಾಗ ಮಕ್ಕಳಿಂದ ಪ್ರತಿವರ್ಷ ತಪ್ಪದೆ ಬರುತ್ತಿದ್ದ ಪ್ರಶ್ನೆ: "ಸರ್, ಎಲ್ಲಕ್ಕಿಂತ ಹಳೆಯ ಭಾಷೆ ಯಾವುದು?" ಒಂದು ಹೆಸರು ಹೇಳಿ ಮುಗಿಸುವುದು ನನಗೆ ಸರಿ ಕಾಣುತ್ತಿರಲಿಲ್ಲ. ಅದಕ್ಕೇ ಗ್ರೀಕ್ ಮತ್ತು ಲಿಥುವೇನಿಯನ್ ಭಾಷೆಗಳ ಕಥೆ ಹೇಳುತ್ತಿದ್ದೆ. ಎರಡೂ ಸಂಸ್ಕೃತದಂತೆ ಇಂಡೋ-ಯುರೋಪಿಯನ್ ಕುಟುಂಬದವೇ. ಆದರೆ ಒಂದರ ಹಳಮೆ ಬರಹದಲ್ಲಿದೆ, ಇನ್ನೊಂದರದು ಆಡುಮಾತಿನಲ್ಲಿದೆ.

ಗ್ರೀಕಿಗೆ ಸುಮಾರು 3400 ವರ್ಷಗಳ ಲಿಖಿತ ದಾಖಲೆಯಿದೆ. ಕ್ರೀಟ್ ದ್ವೀಪದ ಕ್ನೊಸೊಸ್‌ನಲ್ಲಿ 1900ರಲ್ಲಿ ಉತ್ಖನನ ಶುರುಮಾಡಿದ ಆರ್ಥರ್ ಇವಾನ್ಸ್‌ಗೆ ಮಣ್ಣಿನ ಹಲಗೆಗಳು ಸಿಕ್ಕವು. ಬರೆದವರು ಅವನ್ನು ಬಿಸಿಲಿಗೆ ಒಣಗಿಸಿದ್ದರಷ್ಟೇ; ಅರಮನೆಗೆ ಬಿದ್ದ ಬೆಂಕಿಯೇ ಅವನ್ನು ಸುಟ್ಟು ಗಟ್ಟಿಯಾಗಿಸಿ ಉಳಿಸಿತ್ತು. ಅರ್ಧ ಶತಮಾನ ಆ ಲಿಪಿಯನ್ನು ಯಾರಿಗೂ ಓದಲಾಗಲಿಲ್ಲ. ಪದಗಳ ಕೊನೆ ಬದಲಾಗುವ ಕ್ರಮವನ್ನು ಗುರುತಿಸಿ ಅಮೆರಿಕದ ಆಲಿಸ್ ಕೋಬರ್ ದಾರಿ ಮಾಡಿಕೊಟ್ಟರು. ಇದು ಗ್ರೀಕ್ ಎಂದು 1952ರಲ್ಲಿ ಸಾರಿದವರು ಇಂಗ್ಲೆಂಡಿನ ತರುಣ ವಾಸ್ತುಶಿಲ್ಪಿ ಮೈಕೆಲ್ ವೆಂಟ್ರಿಸ್.

ಅನುಮಾನವಿದ್ದವರನ್ನು ನಂಬಿಸಿದ್ದು ಗ್ರೀಸಿನ ಪೈಲೋಸ್‌ನಲ್ಲಿ ಸಿಕ್ಕ ಒಂದು ಹಲಗೆ. ಅರಮನೆಯ ಪಾತ್ರೆಗಳ ಪಟ್ಟಿ ಅದು. ಮೂರು ಕಾಲಿನ ಪಾತ್ರೆಯ ಚಿತ್ರದ ಜೊತೆ 'ತಿ-ರಿ-ಪೊ' ಎಂಬ ಅಕ್ಷರಗಳು. ಸಂಸ್ಕೃತ ಬಲ್ಲವರಿಗೆ ತ್ರಿಪಾದ ನೆನಪಾಗದೆ ಇರದು. ಮುಂದೆ ನಾಲ್ಕು ಹಿಡಿಗಳಿರುವ ಪಾತ್ರೆಯ ಎದುರು 'ನಾಲ್ಕು ಕಿವಿಯದು', ಮೂರು ಹಿಡಿಗಳದರ ಎದುರು 'ಮೂರು ಕಿವಿಯದು', ಹಿಡಿಯಿಲ್ಲದ್ದರ ಎದುರು 'ಕಿವಿಯಿಲ್ಲದ್ದು'. ಚಿತ್ರವೇ ಓದಿಗೆ ಸಾಕ್ಷಿಯಾಯಿತು. ಗ್ರೀಕರ ಮಹಾಕಾವ್ಯಗಳಿಗೂ ಶತಮಾನಗಳಷ್ಟು ಹಿಂದಿನ ಗ್ರೀಕ್ ನಮಗೆ ಸಿಕ್ಕಿದ್ದು ಯಾರೋ ಉಗ್ರಾಣದ ಗುಮಾಸ್ತ ಬರೆದಿಟ್ಟ ಲೆಕ್ಕದಿಂದ.

ಲಿಥುವೇನಿಯನ್ನಿನ ಮೊದಲ ಮುದ್ರಿತ ಪುಸ್ತಕ ಬಂದದ್ದು 1547ರಲ್ಲಿ, ಮಾರ್ಟಿನಾಸ್ ಮಾಜ್ವಿದಾಸ್ ಸಿದ್ಧಪಡಿಸಿದ ಕ್ರೈಸ್ತ ಧರ್ಮಬೋಧೆ. ಬರಹ ತೀರ ಈಚಿನದು, ರೂಪ ಮಾತ್ರ ಬಹಳ ಹಳೆಯದು. ಅಗ್ನಿಗೆ ಅಲ್ಲಿ ಉಗ್ನಿಸ್, ಧೂಮಕ್ಕೆ ದೂಮಸ್, ಮಗನೆಂಬ ಅರ್ಥದ ಸೂನುವಿಗೆ ಸೂನುಸ್. ಸಂಬೋಧನೆಯೂ ಸೇರಿ ಏಳು ವಿಭಕ್ತಿಗಳು ಇಂದಿಗೂ ಬಳಕೆಯಲ್ಲಿವೆ. ಇಂದಿನ ಗ್ರೀಕಿನಲ್ಲಿ ಉಳಿದಿರುವುದು ನಾಲ್ಕೇ. 1852ರಲ್ಲಿ ಜರ್ಮನಿಯ ವಿದ್ವಾಂಸ ಆಗಸ್ಟ್ ಶ್ಲೈಖರ್ ಆಗಿನ ಪ್ರಷ್ಯಾದ ಲಿಥುವೇನಿಯನ್ ಹಳ್ಳಿಗಳಿಗೇ ಹೋಗಿ ರೈತರ ಬಾಯಿಂದ ಈ ಭಾಷೆ ಕಲಿತರು. ಗ್ರಂಥಗಳಲ್ಲಿ ಹುಡುಕಬೇಕಾದ ಹಳೆಯ ರೂಪಗಳನ್ನು ಆ ಜನ ಹೊಲಮನೆಗಳಲ್ಲಿ ಆಡುತ್ತಿದ್ದರು.

ಆ ಮಾತಿಗೂ ಕುತ್ತು ಬಂತು. ತನ್ನ ವಿರುದ್ಧ 1863ರಲ್ಲಿ ಎದ್ದ ದಂಗೆಯ ಬಳಿಕ, ಲಿಥುವೇನಿಯಾವನ್ನು ಆಳುತ್ತಿದ್ದ ರಷ್ಯಾದ ತ್ಸಾರ್ ಆಡಳಿತವು ರೋಮನ್ ಅಕ್ಷರಗಳಲ್ಲಿ ಲಿಥುವೇನಿಯನ್ ಅಚ್ಚುಹಾಕುವುದನ್ನು ನಿಷೇಧಿಸಿ, ರಷ್ಯನ್ ಲಿಪಿಯನ್ನು ಹೇರಿತು. ಜನ ಅದನ್ನು ಒಪ್ಪಲಿಲ್ಲ. ಗಡಿಯಾಚೆ ಪ್ರಷ್ಯಾದ ಟಿಲ್ಸಿಟ್ ಮುಂತಾದ ಕಡೆ ಅಚ್ಚಾದ ಪುಸ್ತಕಗಳನ್ನು ರಾತ್ರೋರಾತ್ರಿ ಬೆನ್ನಮೇಲೆ ಹೊತ್ತು ತಂದರು. ಸಿಕ್ಕಿಬಿದ್ದವರಿಗೆ ಸೆರೆ, ಸೈಬೀರಿಯಾ. ಗಡಿಯಲ್ಲಿ ಗುಂಡಿಗೆ ಬಲಿಯಾದವರೂ ಇದ್ದರು. ಮನೆಯಲ್ಲಿ ತಾಯಂದಿರು ನೂಲುತ್ತಲೇ ಮಕ್ಕಳಿಗೆ ಓದು ಕಲಿಸಿದರು; ಶಿಲ್ಪಿ ಪೆಟ್ರಾಸ್ ರಿಮ್ಶಾ ಆ ದೃಶ್ಯವನ್ನೇ ಶಿಲ್ಪವಾಗಿಸಿದ್ದಾರೆ. 1904ರಲ್ಲಿ ನಿಷೇಧ ತೆರವಾಯಿತು. ಪುಸ್ತಕ ಹೊತ್ತವರಲ್ಲಿ ಪ್ರಮುಖರಾದ ಯುರ್ಗಿಸ್ ಬಿಯೆಲಿನಿಸ್ ಹುಟ್ಟಿದ ಮಾರ್ಚ್ 16 ಇಂದು ಅಲ್ಲಿ ಪುಸ್ತಕ ಹೊತ್ತವರ ದಿನ.

ಅದೇ ಕಾಲದಲ್ಲಿ ಗ್ರೀಕರನ್ನು ಕಾಡಿದ್ದು ಹಳಮೆಯ ಭಾರ. ಶಾಲೆ, ಕಚೇರಿಗಳಲ್ಲಿ ಪ್ರಾಚೀನ ಗ್ರೀಕಿನ ಅಚ್ಚಿಗೆ ತಿದ್ದಿದ 'ಶುದ್ಧ' ಭಾಷೆ, ಮನೆಯಲ್ಲಿ ಬೇರೆ ಮಾತು. 1901ರಲ್ಲಿ ಸುವಾರ್ತೆಯ ಆಡುಮಾತಿನ ಅನುವಾದ ಪತ್ರಿಕೆಯಲ್ಲಿ ಪ್ರಕಟವಾದಾಗ ಅಥೆನ್ಸ್‌ನಲ್ಲಿ ಗಲಭೆಯೆದ್ದು ಎಂಟು ಜನ ಸತ್ತರು, ಸರ್ಕಾರವೇ ಬಿತ್ತು. ಆಡುಮಾತು ಶಾಲೆಗೂ ಆಡಳಿತಕ್ಕೂ ಅಧಿಕೃತವಾಗಿ ಬಂದದ್ದು 1976ರಲ್ಲಿ.

ಹಳೆಯದು ಎಂಬ ಹೆಮ್ಮೆ ನನಗೂ ಇಷ್ಟವೇ. ಆದರೆ ಈ ಎರಡೂ ಭಾಷೆಗಳ ಚರಿತ್ರೆ ಓದಿದಷ್ಟೂ ಒಂದು ಮಾತು ಗಟ್ಟಿಯಾಗುತ್ತದೆ: ಭಾಷೆ ಎಷ್ಟು ಹಳೆಯದು ಎಂಬುದನ್ನು ವಿದ್ವಾಂಸರು ಲೆಕ್ಕ ಹಾಕಬಲ್ಲರು, ಅದು ಮುಂದೆ ಎಷ್ಟು ಕಾಲ ಇರಬೇಕು ಎಂಬುದನ್ನು ತೀರ್ಮಾನಿಸುವವರು ಮನೆಯಲ್ಲಿ ಅದನ್ನು ಆಡುವವರು, ಮಕ್ಕಳಿಗೆ ಓದಲು ಕಲಿಸುವವರು.