ಬಾವಲಿಯ ಶೀತನಿದ್ರೆ

ಸಂಜೆಯ ಹೊತ್ತು ಪಾಠಶಾಲೆಯ ಸೂರಿನಿಂದ ಬಾವಲಿಗಳು ಹೊರಡುವುದನ್ನು ಕಂಡು, ತಲೆಯ ಮೇಲೆ ಸೆರಗೆಳೆದುಕೊಂಡು ಓಡಿದ ನೆನಪು ನಮ್ಮಲ್ಲನೇಕರಿಗುಂಟು. ಅವುಗಳ ದೂರದ ಬಂಧುವಾದ, ಉತ್ತರ ಅಮೆರಿಕದ ಕಿರಿಯ ಕಂದುಬಾವಲಿಯ ವೃತ್ತಾಂತವನ್ನು ಇಲ್ಲಿ ವಾಚಕರಿಗೆ ನಿವೇದಿಸುವೆವು. ಇದನ್ನೋದಿದ ಮೇಲೆ ಅಂಜಿಕೆಯಿದ್ದಲ್ಲಿ ಕನಿಕರ ಹುಟ್ಟೀತೆಂದು ನಂಬುತ್ತೇವೆ.

ಈ ಬಾವಲಿಯ ತೂಕವು 10 ಗ್ರಾಮಿನ ಆಸುಪಾಸು, ಆಹಾರವು ಹುಳುಹುಪ್ಪಟೆ. ಹಿಮ ಬೀಳುವ ತಿಂಗಳುಗಳಲ್ಲಿ ಹುಳುಗಳು ದೊರೆಯವಾದ ಕಾರಣ, ಅದು ಮುಂಚಿತವಾಗಿಯೇ ಮೈಯಲ್ಲಿ ಕೊಬ್ಬನ್ನು ಕೂಡಿಸಿಕೊಂಡು ಗವಿಯನ್ನು ಸೇರಿ ನಿದ್ರಿಸುವುದು. ಈ ನಿದ್ರೆಯು ನಮ್ಮ ರಾತ್ರಿಯ ನಿದ್ರೆಯಂಥದಲ್ಲ. ಶರೀರದ ಉಷ್ಣವು ಗವಿಯ ತಣ್ಪಿಗೆ ಸಮೀಪವಾಗುವಷ್ಟು ಇಳಿಯುವುದು. ಹಾರುವಾಗ ನಿಮಿಷಕ್ಕೆ 1,000 ಸಲಕ್ಕೂ ಮಿಕ್ಕಿ ಬಡಿಯುವ ಹೃದಯವು ಆಗ ಸುಮಾರು 20 ಸಲ ಬಡಿಯುವುದು. ಎರಡು ಮೂರು ವಾರಗಳಿಗೊಮ್ಮೆ ಅದು ಎಚ್ಚತ್ತು ಮೈ ಕಾಯಿಸಿಕೊಳ್ಳುವುದು. ಕೂಡಿಟ್ಟ ಕೊಬ್ಬಿನ ಮುಕ್ಕಾಲು ಪಾಲು ಈ ಅಲ್ಪಕಾಲದ ಎಚ್ಚರಗಳಿಗೇ ವೆಚ್ಚವಾಗುವುದು. ಕಣಜದ ಧಾನ್ಯವನ್ನು ಅಳೆದಳೆದು ಹೊಸ ಬೆಳೆಯವರೆಗೆ ಸಂಸಾರವನ್ನು ಸಾಗಿಸುವ ಗೃಹಿಣಿಯ ಲೆಕ್ಕವೇ ಇದು.

2006ರಲ್ಲಿ ನ್ಯೂಯಾರ್ಕ್ ಸಂಸ್ಥಾನದ ಒಂದು ಗವಿಯಲ್ಲಿ, ಮೂಗಿನ ಮೇಲೆ ಬಿಳಿಯ ಬೂಷ್ಟು ಹಿಡಿದ ಬಾವಲಿಗಳು ಕಂಡುಬಂದವು. ಯೂರೋಪಿನಿಂದ ಬಂದ ಈ ಬೂಷ್ಟು ತಣ್ಪಿನಲ್ಲಿ ಮಾತ್ರ ಬೆಳೆಯತಕ್ಕದ್ದು. ನಿದ್ರಿಸುವ ಬಾವಲಿಯ ತಣ್ಣನೆಯ ಚರ್ಮವೇ ಅದಕ್ಕೆ ತಕ್ಕ ಹೊಲ. ರೋಗ ತಗಲಿದ ಬಾವಲಿಯು ಮೇಲಿಂದ ಮೇಲೆ ಎಚ್ಚರಗೊಂಡು, ವಸಂತಕ್ಕೆ ಮುಂಚೆಯೇ ಕೊಬ್ಬನ್ನು ತೀರಿಸಿಕೊಂಡು ಹಸಿವಿನಿಂದ ಸಾಯುವುದು. ರೋಗ ಹೊಕ್ಕ ಎಷ್ಟೋ ಗವಿಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಮಿಕ್ಕಿ ಅಳಿದುಹೋದವು.

ಹಾಗಾದರೆ ಉಳಿದ ಕೆಲವು ಹೇಗೆ ಉಳಿದವು? ತಾಯಿತಂದೆಗಳ ಗುಣಗಳನ್ನು ಮಕ್ಕಳಿಗೆ ಮುಟ್ಟಿಸುವ ವಂಶವಾಹಿಗಳು ಒಂದೇ ಜಾತಿಯ ಪ್ರಾಣಿಗಳಲ್ಲಿಯೂ ಅಲ್ಪಸ್ವಲ್ಪ ಭಿನ್ನವಾಗಿರುತ್ತವೆ. ಮಿಶಿಗನ್ ವಿಶ್ವವಿದ್ಯಾಲಯದ ಜಾರ್ಜಿಯಾ ಆಟೇರಿ ಮತ್ತು ಲೇಸಿ ನೋಲ್ಸ್ ಎಂಬ ವಿದುಷಿಯರು ಸತ್ತ ಬಾವಲಿಗಳನ್ನೂ ಬದುಕಿದವುಗಳನ್ನೂ ಹೋಲಿಸಿ, 2020ರಲ್ಲಿ ತಮ್ಮ ಶೋಧನೆಯನ್ನು ಪ್ರಕಟಿಸಿದರು. ನಿದ್ರೆಯಿಂದ ಎಚ್ಚರಗೊಳ್ಳುವುದಕ್ಕೂ ಕೊಬ್ಬನ್ನು ಕರಗಿಸುವುದಕ್ಕೂ ಸಂಬಂಧಪಟ್ಟ ಕೆಲವು ವಂಶವಾಹಿಗಳಲ್ಲಿ ಈ ಎರಡು ಗುಂಪುಗಳಿಗೆ ಭೇದ ಕಂಡಿತು. ಇಲ್ಲಿ ಗಮನಿಸತಕ್ಕದ್ದೇನೆಂದರೆ, ಬದುಕಿದ ಬಾವಲಿಗಳು ರೋಗವನ್ನು ಕಂಡು ಹೊಸ ಉಪಾಯವನ್ನು ಕಲಿತವುಗಳಲ್ಲ. ಆ ಭೇದವು ಮೊದಲೇ ಕುಲದಲ್ಲಿ ಅಲ್ಲಲ್ಲಿ ಅಡಗಿತ್ತು. ಅದುಳ್ಳವು ಉಳಿದು ಮರಿಗಳಿಗೆ ಅದನ್ನು ಕೊಡುವುದರಿಂದ, ಕಾಲಕ್ರಮದಲ್ಲಿ ಕುಲವೇ ಮಾರ್ಪಡಬಹುದು.

ಆದರೂ ಗಂಡಾಂತರವು ಕಳೆದಿಲ್ಲ. ಹೆಣ್ಣು ಬಾವಲಿಯು ವರ್ಷಕ್ಕೆ ಒಂದೇ ಮರಿಯನ್ನು ಹೆರುವುದು. ಕಳೆದುಹೋದ ಸಂಖ್ಯೆಯು ಬೇಗನೆ ತುಂಬಲಾರದು. ಉಳಿದ ಹಿಂಡು ಚಿಕ್ಕದಾದಷ್ಟೂ ಇಂಥ ಉಪಕಾರಿ ಭೇದಗಳು ಆಕಸ್ಮಿಕವಾಗಿ ನಶಿಸುವ ಭಯವೂ ಉಂಟು. ಆದುದರಿಂದಲೇ ಆ ದೇಶದಲ್ಲಿ ಅನೇಕ ಗವಿಗಳ ಬಾಯಿಗೆ ಕಬ್ಬಿಣದ ಸರಳುಗಳನ್ನಿಟ್ಟು, ಚಳಿಗಾಲದಲ್ಲಿ ಜನರು ಒಳಹೊಗದಂತೆ ತಡೆದಿದ್ದಾರೆ. ಮನುಷ್ಯರ ಪಾದರಕ್ಷೆಗಳಿಗಂಟಿದ ಬೂಷ್ಟಿನ ಬೀಜವು ಗವಿಯಿಂದ ಗವಿಗೆ ಹೋಗಬಲ್ಲದು. ಒಂದು ದೀಪದ ಬೆಳಕಿಗೆ ಬೆಚ್ಚಿ ಎದ್ದ ಬಾವಲಿಗೆ ಆ ಎಚ್ಚರದ ವೆಚ್ಚವನ್ನು ವಸಂತದವರೆಗೆ ತುಂಬಿಕೊಳ್ಳಲು ದಾರಿಯಿಲ್ಲ.